ಪಿಡಿಎಫ್ ಇದ್ರೆ ಕಳ್ಸಿ...

ಕನ್ನಡದ ಯಾವುದಾದರೂ ಪುಸ್ತಕದ ಹೆಸರು ಎತ್ತಿ ನೋಡಿ. ಮೊದಲು ಬರುವ ಮಾತು "ಹೇಗಿದೆ?" ಅಂತಲ್ಲ, "ಎಲ್ಲಿ ಸಿಗುತ್ತೆ?" ಅಂತಲೂ ಅಲ್ಲ. "ಪಿಡಿಎಫ್ ಇದ್ರೆ ಕಳ್ಸಿ" ಅಂತ. ಹಾಗೆ ಕೇಳುವವರನ್ನು ಬೈಯುವ ಯೋಗ್ಯತೆ ನನಗಂತೂ ಇಲ್ಲ. ಯಾಕೆಂದರೆ ಕಳಿಸಿದವನು ನಾನೇ!

ಎರಡು ವರ್ಷದ ಹಿಂದಿನ ಮಾತು. ಮಲೆನಾಡಿನ ಕಡೆಯ ಒಬ್ಬ ನಿವೃತ್ತ ಮೇಷ್ಟ್ರು ಬರೆದ ಕಥಾಸಂಕಲನ ಕೈಗೆ ಬಂತು. 150 ರೂಪಾಯಿ, ದುಡ್ಡು ಕೊಟ್ಟೇ ಕೊಂಡಿದ್ದೆ. ಒಂದೇ ರಾತ್ರಿಯಲ್ಲಿ ಓದಿ ಮುಗಿಸಿದೆ. ಇಂಥದ್ದು ನಾಲ್ಕು ಜನಕ್ಕೆ ತಲುಪಬೇಕು ಅನ್ನಿಸಿತು. ಭಾನುವಾರ ಕೂತು ಮೊಬೈಲಿನಲ್ಲೇ ಪುಟಪುಟವನ್ನೂ ಸ್ಕ್ಯಾನ್ ಮಾಡಿ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆ. ಗುಂಪಿನಲ್ಲಿ 240 ಜನ. ಸಾಲುಸಾಲು ಹೆಬ್ಬೆರಳು, ಮುಗಿದ ಕೈಗಳು, "ಇದು ನಿಜವಾದ ಕನ್ನಡದ ಕೆಲಸ ಸಾರ್" ಎಂಬ ಶಹಬ್ಬಾಸ್‌ಗಿರಿ. ನಾನೂ ಉಬ್ಬಿದೆ ಅನ್ನಿ.

ವಾರ ಕಳೆದ ಮೇಲೆ ಮೇಷ್ಟ್ರ ಫೋನು ಬಂತು. ಪಿಡಿಎಫ್ ಊರೆಲ್ಲ ಸುತ್ತಿ ಅವರ ಮೊಬೈಲಿಗೇ ಹೋಗಿತ್ತು. ನನ್ನ ಎದೆ ಧಸಕ್ಕೆಂದಿತು. ಅವರು ಬೈಯಲಿಲ್ಲ. "ಬೇಜಾರೇನಿಲ್ಲ ಮಾರಾಯ್ರೆ. ಎಷ್ಟು ಜನ ಓದಿದ್ರು, ಅದೊಂದು ಹೇಳಿ" ಅಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಗುಂಪಿನಲ್ಲಿ ವಿಚಾರಿಸಿದೆ. ಪೂರ್ತಿ ಓದಿದವರು ಇಬ್ಬರು! ಮೇಷ್ಟ್ರು ತಮ್ಮ ಪೆನ್ಷನ್ ದುಡ್ಡಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದ್ದರು, ಅದರಲ್ಲಿ ಅರ್ಧ ಇನ್ನೂ ಅಟ್ಟದ ಮೇಲಿದೆ ಅನ್ನುವುದು ಆಮೇಲೆ ತಿಳಿಯಿತು.

240 ಜನಕ್ಕೆ ಕಳಿಸಿದೆ ಅಂದಮಾತ್ರಕ್ಕೆ 240 ಪ್ರತಿ ನಷ್ಟವಾಯಿತು ಅಂತಲ್ಲ. ಡೌನ್‌ಲೋಡ್ ಆದದ್ದನ್ನೆಲ್ಲ ಬೆಲೆಯಿಂದ ಗುಣಿಸಿ "ಇಷ್ಟು ಕೋಟಿ ಹೋಯ್ತು" ಅನ್ನುವ ಲೆಕ್ಕವನ್ನು ನಾನು ನಂಬುವುದಿಲ್ಲ. ಆದರೆ ಕೊಳ್ಳಬಹುದಾಗಿದ್ದ ಹತ್ತೋ ಹದಿನೈದೋ ಜನ "ಪಿಡಿಎಫ್ ಇದೆಯಲ್ಲ, ಯಾವಾಗಲಾದರೂ ಓದಿದರಾಯ್ತು" ಅಂತ ಸುಮ್ಮನಾದರಲ್ಲ, ಅದು ನಷ್ಟವೇ. ಅದಕ್ಕಿಂತ ನನ್ನನ್ನು ಕೊರೆದದ್ದು ಇನ್ನೊಂದು. ಪುಕ್ಕಟೆ ಕೊಡುವುದೋ ಬೇಡವೋ ಅನ್ನುವುದು ಮೇಷ್ಟ್ರ ತೀರ್ಮಾನ. ಅದನ್ನು ನಾನು ಕೇಳದೆಯೇ ಮಾಡಿಬಿಟ್ಟಿದ್ದೆ. ಅತ್ತೆಯ ಧನವನ್ನು ಅಳಿಯ ದಾನ ಮಾಡಿದ ಹಾಗೆ. ಪುಣ್ಯ ಮಾತ್ರ ನನಗೆ!

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಉಚಿತವಾಗಿ ಬಂತು. ಕಂಪ್ಯೂಟರಿನಲ್ಲಿ ನಮ್ಮಲ್ಲಿ ಎಷ್ಟೋ ಜನ ಮೊದಲು ಕನ್ನಡ ಕುಟ್ಟಿದ್ದೇ ಅದರಲ್ಲಿ. ಅದು ಮಾಡಿದವರೇ ಕೈಯಾರೆ ಕೊಟ್ಟದ್ದು. ನಾನು ಮಾಡಿದ್ದನ್ನು ಆ ಸಾಲಿಗೆ ಸೇರಿಸಲಾದೀತೇ?

"ಲೈಬ್ರರಿಯಲ್ಲಿ ಒಂದೇ ಪುಸ್ತಕವನ್ನು ನೂರು ಜನ ಓದಲ್ವಾ?" ಅಂತ ಗೆಳೆಯರೊಬ್ಬರು ವಾದಿಸಿದರು. ಓದುತ್ತಾರೆ. ಆದರೆ ಅಲ್ಲಿ ನೀವು ಒಯ್ದರೆ ನನಗಿಲ್ಲ, ಕಾಯಬೇಕು. ಕಾದು ಬೇಸತ್ತವನು ಅಂಗಡಿಗೆ ಹೋಗಬಹುದು. ಪಿಡಿಎಫ್ ಹಾಗಲ್ಲ, ಕೊಟ್ಟ ಮೇಲೂ ನನ್ನ ಹತ್ತಿರ ಇದ್ದೇ ಇರುತ್ತದೆ.

ಹಾಗಂತ ಹಂಚುವುದೆಲ್ಲ ಕಳ್ಳತನ ಅಂದರೆ ಅದನ್ನೂ ಒಪ್ಪಲಾರೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಹಕ್ಕು ಉಳಿಯುತ್ತದೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರ ಸೊತ್ತು. 1937ರಲ್ಲಿ ಹೋದ ಪಂಜೆಯವರ ಬರಹಗಳು ಯಾವತ್ತೋ ಆಗಿವೆ. ಇವನ್ನು ಸ್ಕ್ಯಾನ್ ಮಾಡಿ, ಟೈಪ್ ಮಾಡಿ, ಊರಿಗೆಲ್ಲ ಹಂಚಿ. ಅದು ನಿಜಕ್ಕೂ ಕನ್ನಡದ ಕೆಲಸ. ಕುವೆಂಪು ಅವರ ಪುಸ್ತಕಗಳ ಹಕ್ಕು 2054ರ ಕೊನೆವರೆಗೆ, ತೇಜಸ್ವಿಯವರದು 2067ರ ಕೊನೆವರೆಗೆ ಇದೆ. ಇವೆಲ್ಲ ಅಂಗಡಿಯಲ್ಲಿ ಸಿಗುವಂಥವು. ಒಂದು ಹೊತ್ತಿನ ಪಿಜ್ಜಾ ದುಡ್ಡಿಗೆ ಬರುವ ಪುಸ್ತಕವನ್ನು ಪಿಡಿಎಫ್ ಮಾಡಿ ಹಂಚುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುತ್ತಿಲ್ಲ.

ಕಷ್ಟ ಇರುವುದು ನಡುವಿನವುಗಳದ್ದು. ಎಪ್ಪತ್ತರ ದಶಕದಲ್ಲಿ ಒಮ್ಮೆ ಅಚ್ಚಾಗಿ ಮರುಮುದ್ರಣವನ್ನೇ ಕಾಣದ ಪುಸ್ತಕಗಳು. ಪ್ರಕಾಶನ ಮುಚ್ಚಿದೆ, ಲೇಖಕರ ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ಹಕ್ಕುದಾರರು ಪತ್ತೆಯಾಗದಿದ್ದರೆ ಲೈಸೆನ್ಸ್ ಕೇಳಲು ಕಾಯ್ದೆಯ 31ಎ ಕಲಮಿನಲ್ಲಿ ದಾರಿ ಇದೆ. ಆದರೆ ಒಂದು ಹಳೇ ಕಾದಂಬರಿಗಾಗಿ ಅರ್ಜಿ ಹಿಡಿದು ಅಲೆಯುವವರು ಯಾರು? ಯಾರೋ ಪುಣ್ಯಾತ್ಮರು ಸ್ಕ್ಯಾನ್ ಮಾಡದಿದ್ದರೆ ಅದು ಗೆದ್ದಲಿನ ಪಾಲು. ಕಾನೂನು ತಪ್ಪು ಅಂದರೂ ಅವರನ್ನು ಕಳ್ಳರು ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ನಾನಾಗಿದ್ದರೆ ಮೊದಲು ಮನೆಯವರನ್ನು ಹುಡುಕುತ್ತೇನೆ. ಸಿಗದಿದ್ದರೆ ಹೆಸರು, ಪ್ರಕಾಶನ, ಇಸವಿ ಎಲ್ಲ ಉಳಿಸಿಯೇ ಹಾಕುತ್ತೇನೆ. ನಾಳೆ ಮಕ್ಕಳೋ ಮೊಮ್ಮಕ್ಕಳೋ ಬೇಡ ಅಂದರೆ ಅವತ್ತೇ ತೆಗೆಯುತ್ತೇನೆ. ಇದು ಕಾನೂನಿನ ಉತ್ತರ ಅಲ್ಲ, ನನ್ನ ಮನಸ್ಸಿಗೆ ನಾನು ಹೇಳಿಕೊಂಡ ಉತ್ತರ. ತಪ್ಪಿದ್ದರೆ ತಿದ್ದಿ.

ಇನ್ನು ನಮ್ಮ ಬ್ಲಾಗಿಗರ ವಿಷಯ. ರಾತ್ರಿ ಕೂತು ಬರೆದ ಲೇಖನ ಬೆಳಗಾಗುವುದರೊಳಗೆ ಹೆಸರು ಕಿತ್ತುಹೋಗಿ "ಕೃಪೆ: ವಾಟ್ಸಾಪ್" ಅಂತ ನಮಗೇ ಬಂದಾಗ ಹೊಟ್ಟೆ ಉರಿಯುತ್ತದಲ್ಲ? ನಮಗೆ ಅದರಿಂದ ಒಂದು ರೂಪಾಯಿಯೂ ಬರುತ್ತಿರಲಿಲ್ಲ, ಆದರೂ ಉರಿಯುತ್ತದೆ. ಕೇಳಲಿಲ್ಲವಲ್ಲ ಅಂತ. ಮೇಷ್ಟ್ರಿಗೂ ಅಷ್ಟೇ ಆಗಿರಬೇಕು. ಅವರು ದೊಡ್ಡವರು, "ಬೇಜಾರೇನಿಲ್ಲ" ಅಂದರು.

ಆಮೇಲೆ ಅವರನ್ನೇ ಕೇಳಿದೆ, ಈಗೇನು ಮಾಡಲಿ ಅಂತ. "ಒಂದು ಕಥೆ ಇರ್ಲಿ, ಉಳಿದದ್ದು ಬೇಕಾದವರು ತರಿಸ್ಕೊಳ್ಳಲಿ" ಅಂದರು. ಹಾಗೇ ಗುಂಪಿಗೆ ಬರೆದೆ. 17 ಜನ ತರಿಸಿಕೊಂಡರು. ಪಿಡಿಎಫ್ ಅಳಿಸಿ ಅಂತಲೂ ಬೇಡಿಕೊಂಡೆ. ಆದರೆ ಬಿಟ್ಟ ಬಾಣ... ಮೊನ್ನೆ ಇನ್ನೊಂದು ಗುಂಪಿನಿಂದ ಅದೇ ಫೈಲು ನನಗೇ ಬಂತು. ಮೂರನೇ ಪುಟದ ಮೂಲೆಯಲ್ಲಿ ನನ್ನ ಹೆಬ್ಬೆರಳಿನ ನೆರಳು ಹಾಗೇ ಇದೆ.

ನೀವೇನಂತೀರಿ?