ಬಂಗಾರಕ್ಕಿರುವ ಕಾಳಜಿ



ಕೆಲವು ವರ್ಷಗಳ ಹಿಂದೆ, ದೀಪಾವಳಿಗೆ ಇನ್ನೂ ಹತ್ತು ದಿನವಿರುವಾಗ, ನಮ್ಮ ಸಂಘದ ಕುಟುಂಬವೊಂದರ ಮನೆಗೆ ಕಳ್ಳರು ನುಗ್ಗಿ ಬಂಗಾರವನ್ನೆಲ್ಲ ದೋಚಿದರು. ಅಂದು ನಮ್ಮವರು ತೋರಿದ ಔದಾರ್ಯ ಮರೆಯುವಂಥದ್ದಲ್ಲ. ಗಂಟೆಯೊಳಗೆ ವಾಟ್ಸಾಪ್ ಬಳಗದಲ್ಲಿ ಸುದ್ದಿ ಹರಡಿತು. ಸಂಜೆಯ ವೇಳೆಗೆ ಒಬ್ಬರು ಬೀಗ ಬದಲಿಸುವವನನ್ನು ಕರೆತಂದರು, ಇನ್ನೊಬ್ಬರು ಬಿಸಿಬೇಳೆಬಾತಿನ ಪಾತ್ರೆ ಹೊತ್ತು ತಂದರು, ಮತ್ತೊಬ್ಬರು ಹೆದರಿದ ಮಕ್ಕಳನ್ನು ಎರಡು ರಾತ್ರಿ ತಮ್ಮ ಮನೆಯಲ್ಲಿ ಮಲಗಿಸಿಕೊಂಡರು. ಮುಂದಿನ ವಾರ ಪೊಲೀಸ್ ಅಧಿಕಾರಿಯೊಬ್ಬರನ್ನು ಕರೆಸಿ ಉಪನ್ಯಾಸವನ್ನೂ ಏರ್ಪಡಿಸಿದೆವು. ಒಡವೆಯ ಫೋಟೋ ತೆಗೆದಿಡಿ, ವಿಮೆ ಮಾಡಿಸಿ, ಹಬ್ಬದ ಫೋಟೋಗಳನ್ನು ಕೂಡಲೇ ಫೇಸ್‌ಬುಕ್ಕಿಗೆ ಹಾಕಬೇಡಿ ಎಂಬ ಸಲಹೆಗಳನ್ನು ಈ ಸಂಚಿಕಾಪುಟದಲ್ಲಿ ದಪ್ಪಕ್ಷರದಲ್ಲಿ ಪ್ರಕಟಿಸಿದೆವು. ಇಂದಿಗೂ ಪ್ರತಿ ಅಕ್ಟೋಬರಿನಲ್ಲಿ ಅದನ್ನೇ ಮರುಪ್ರಕಟಿಸುತ್ತೇವೆ.

ಅದೇ ವರ್ಷದ ಬೇಸಿಗೆಯಲ್ಲಿ ಇನ್ನೊಂದು ಮನೆಗೂ ನಮ್ಮವರು ಹೋಗಿದ್ದರು. ಅಲ್ಲಿಗೆ ಯಾರೂ ಬಿಸಿಬೇಳೆಬಾತು ಒಯ್ಯಲಿಲ್ಲ. ಹೋದವರು ಮೂವರು: ಸಂಘದ ಇಬ್ಬರು ಹಿರಿಯರು ಮತ್ತು ನಾನು. ಗಂಡ ಹೆಂಡಿರ ನಡುವೆ 'ಸ್ವಲ್ಪ ಮಾತಾಗಿದೆ', ಡಾಕ್ಟರು ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ ಎಂದು ನನ್ನನ್ನು ಕರೆದಿದ್ದರು. ನನಗೂ ಒಳಗೊಳಗೆ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ಆ ಹೆಣ್ಣುಮಗಳು ಕಾಫಿ ಕೊಟ್ಟಳು, ಕೇಸರಿಬಾತು ಕೊಟ್ಟಳು. ಜೂನ್ ತಿಂಗಳ ಸೆಕೆಯಲ್ಲಿ ಕುತ್ತಿಗೆಯವರೆಗೆ ಮುಚ್ಚುವ ಉಡುಪು ತೊಟ್ಟಿದ್ದಳು. ಧ್ವನಿ ಒಡೆದಿತ್ತು. "ಏನಮ್ಮಾ, ಗಂಟಲು ಕಟ್ಟಿದೆಯಲ್ಲ?" ಎಂದು ಕೇಳಿದೆ. "ಶೀತ, ಡಾಕ್ಟ್ರೇ" ಎಂದಳು. ಗಂಡ ಪಕ್ಕದಲ್ಲೇ ಕುಳಿತಿದ್ದ. ಬಿಸಿನೀರಿನಲ್ಲಿ ಉಪ್ಪು ಹಾಕಿ ಮುಕ್ಕಳಿಸಲು ಹೇಳಿದೆ. ಹಿರಿಯರು "ನೋಡಮ್ಮಾ, ಸಂಸಾರವೆಂದ ಮೇಲೆ ಇದೆಲ್ಲ ಇದ್ದದ್ದೇ" ಎಂದರು. ಅವನಿಗೂ ಎರಡು ಬುದ್ಧಿಮಾತು ಹೇಳಿದರು. ಎಲ್ಲವೂ ಸುಸೂತ್ರವಾಯಿತೆಂಬ ಸಮಾಧಾನದಲ್ಲಿ ಮೂವರೂ ಒಂದೇ ಕಾರಿನಲ್ಲಿ ಮರಳಿದೆವು.

ನಾನು ಆರೋಗ್ಯ ಶಿಬಿರಗಳಲ್ಲಿ ನಿಮ್ಮ ರಕ್ತದೊತ್ತಡ ನೋಡುವ ವೈದ್ಯ. ಇಪ್ಪತ್ತು ವರ್ಷಗಳಿಂದ ರೋಗಿಗಳನ್ನು ನೋಡುತ್ತಿದ್ದೇನೆ. ಕತ್ತು ಹಿಸುಕಿಸಿಕೊಂಡವರಲ್ಲಿ ಅನೇಕರ ಚರ್ಮದ ಮೇಲೆ ಗುರುತೇ ಇರುವುದಿಲ್ಲ, ಧ್ವನಿ ಒಡೆಯುವುದು, ನುಂಗಲು ಕಷ್ಟವಾಗುವುದು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆಗಳೇಳುವುದು ಅದರ ಲಕ್ಷಣಗಳು ಎಂಬುದು ನನಗೆ ತಿಳಿದಿತ್ತು. ಕುತ್ತಿಗೆಯ ರಕ್ತನಾಳದ ಒಳಪದರ ಹರಿದರೆ ದಿನಗಳು ಕಳೆದ ಮೇಲೂ ಪಾರ್ಶ್ವವಾಯು ಹೊಡೆಯಬಹುದೆಂಬುದೂ, ಒಮ್ಮೆ ಕತ್ತಿಗೆ ಕೈ ಹಾಕಿದವನು ಮುಂದೊಮ್ಮೆ ಕೊಲ್ಲುವ ಅಪಾಯ ಬಹಳ ಹೆಚ್ಚೆಂಬುದೂ ತಿಳಿದಿತ್ತು. ಚಿಕಿತ್ಸಾಲಯದಲ್ಲಿ ಅವಳು ರೋಗಿಯಾಗಿ ಬಂದಿದ್ದರೆ ಗಂಡನನ್ನು ಹೊರಗೆ ಕೂರಿಸಿ, ಒಬ್ಬಳನ್ನೇ ಕೇಳುತ್ತಿದ್ದೆ. ಆದರೆ ಅಂದು ನಾನು ವೈದ್ಯನಾಗಿ ಹೋಗಿರಲಿಲ್ಲ, 'ನಮ್ಮವನಾಗಿ' ಹೋಗಿದ್ದೆ. ನಮ್ಮವನಾಗಿದ್ದರಿಂದಲೇ ಕುರುಡನಾದೆ.

ಅವಳಿಂದು ಬೇರೊಂದು ಊರಿನಲ್ಲಿ ಕ್ಷೇಮವಾಗಿದ್ದಾಳೆ. ಅವಳ ಒಪ್ಪಿಗೆ ಪಡೆದು, ಗುರುತಾಗುವ ವಿವರಗಳನ್ನು ಬದಲಿಸಿ ಇದನ್ನು ಬರೆದಿದ್ದೇನೆ. ಅವಳನ್ನು ಉಳಿಸಿದವರು ನಾವಲ್ಲ. ಔಷಧಿ ಅಂಗಡಿಯೊಂದರ ಸಣ್ಣ ಕೋಣೆಯಲ್ಲಿ ಅವಳಿಗೆ ದೂರವಾಣಿ ಕೊಟ್ಟು, ಬಾಗಿಲು ಮುಚ್ಚಿ ಹೊರಗೆ ನಿಂತ ಅಪರಿಚಿತ ಹೆಂಗಸು ಉಳಿಸಿದಳು.

ಈ ಹಿನ್ನೆಲೆಯಲ್ಲಿ, ಅಪರಾಧಕ್ಕೆ ಬಲಿಯಾದವರಿಗೆ ಈ ದೇಶದಲ್ಲಿ ದೊರೆಯುವ ನೆರವಿನ ಬಗ್ಗೆ ಒಂದು ಪುಟವನ್ನು ಸಂಚಿಕೆಯಲ್ಲಿ ಶಾಶ್ವತವಾಗಿ ಇರಿಸಬೇಕೆಂದು ಕಳೆದ ಸಭೆಯಲ್ಲಿ ಕೇಳಿಕೊಂಡೆ. ಪ್ರಸ್ತಾಪ ಬಿದ್ದುಹೋಯಿತು. ಸಂಘ ಸಾಂಸ್ಕೃತಿಕ ಸಂಸ್ಥೆ, ಇದೆಲ್ಲ ನಮ್ಮ ವ್ಯಾಪ್ತಿಯಲ್ಲ ಎಂದರು ಕೆಲವರು. ಒಡವೆಯ ವಿಮೆ ಯಾವ ಸಂಸ್ಕೃತಿಯ ಅಂಗವೆಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಹೊರಗಿನವರು ಏನೆಂದುಕೊಂಡಾರು ಎಂದರು ಇನ್ನು ಕೆಲವರು. ಕೊನೆಗೊಬ್ಬರು ನಗುತ್ತ ಆ ಗಾದೆಯನ್ನೇ ಹೇಳಿದರು: ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ.

ಗಾದೆಯ ಮೇಲೆ ನನಗೆ ಸಿಟ್ಟಿಲ್ಲ. ಅದನ್ನು ಬಳಸುವ ರೀತಿಯ ಮೇಲಿದೆ. ಅದು ಜಗಳದ ಬಗ್ಗೆ ಹೇಳಿದ ಮಾತು. ಜಗಳದಲ್ಲಿ ಇಬ್ಬರಿಗೂ ಬಾಯಿರುತ್ತದೆ, ಇಬ್ಬರಿಗೂ ಹೊರಗೆ ಹೋಗುವ ಬಾಗಿಲಿರುತ್ತದೆ. ಸಂಬಳದ ಕಾರ್ಡು, ಪಾಸ್‌ಪೋರ್ಟು, ಮೊಬೈಲಿನ ಗುಪ್ತಪದ ಎಲ್ಲವನ್ನೂ ಒಬ್ಬನೇ ಕೈಯಲ್ಲಿಟ್ಟುಕೊಂಡ ಮನೆಯಲ್ಲಿ ನಡೆಯುವುದು ಜಗಳವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಂಗಾತಿಯನ್ನು ನಿರಂತರವಾಗಿ ಹೀಗೆ ಹಿಡಿತದಲ್ಲಿಡುವುದು 2015ರ ಕಾಯಿದೆಯಿಂದಲೇ ಅಪರಾಧ. 2021ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಹಣದ ಹಿಡಿತವನ್ನೂ ದೌರ್ಜನ್ಯದ ವ್ಯಾಖ್ಯೆಯೊಳಗೆ ತಂದಿತು. ಮನೆಯಲ್ಲಿ ಇದನ್ನು ಕಂಡು ಕೇಳಿ ಬೆಳೆಯುವ ಮಕ್ಕಳನ್ನು ಸ್ವತಃ ಬಲಿಪಶುಗಳೆಂದೇ ಪರಿಗಣಿಸಿತು. ಕತ್ತು ಹಿಸುಕುವುದು 2022ರ ಜೂನ್‌ನಿಂದ ಪ್ರತ್ಯೇಕ ಅಪರಾಧ. ಗಾಯದ ಗುರುತು ಇರಲೇಬೇಕೆಂದಿಲ್ಲ.

'ಇದೆಲ್ಲ ಬಿಳಿಯರ ಪದ್ಧತಿ' ಎನ್ನುವವರಿಗೆ ಒಂದು ಮಾತು. ಭಾರತದ ಸಂಸತ್ತು ಕೌಟುಂಬಿಕ ಹಿಂಸೆಯ ವಿರುದ್ಧ ಕಾಯಿದೆ ಮಾಡಿದ್ದು 2005ರಲ್ಲಿ. ನೊಂದ ಮಹಿಳೆಯರಿಗೆಂದು ಕರ್ನಾಟಕ ಸರ್ಕಾರವೇ 'ಸಾಂತ್ವನ' ಕೇಂದ್ರಗಳನ್ನು ನಡೆಸಿಕೊಂಡು ಬಂದಿದೆ. ಊರಿನಲ್ಲಿ ಇರುವುದನ್ನು ಇಲ್ಲಿ ಪರದೇಶಿ ಎನ್ನುತ್ತಿದ್ದೇವೆ. ನಾವು ವಿಮಾನ ಹತ್ತಿದ ವರ್ಷದ ಕರ್ನಾಟಕವನ್ನೇ ಉಪ್ಪಿನಕಾಯಿಯಂತೆ ಭರಣಿಯಲ್ಲಿಟ್ಟು ಕಾಪಾಡುತ್ತಿದ್ದೇವೆಯೇ ಎಂಬ ಅನುಮಾನ ನನಗೆ ಆಗಾಗ ಬರುತ್ತದೆ.

ಸಭೆಯಲ್ಲಿ ಕೇಳಿದ ಆಕ್ಷೇಪಗಳಲ್ಲಿ ನಿಜಕ್ಕೂ ತೂಕವಿದ್ದದ್ದು ವೀಸಾದ ಭಯ. ಹೊಡೆಯುವವನ ಕೈಯಲ್ಲಿರುವ ದೊಡ್ಡ ಆಯುಧ ಅದೇ: "ಬಾಯಿಬಿಟ್ಟರೆ ನಿನ್ನ ವೀಸಾ ರದ್ದು ಮಾಡಿಸುತ್ತೇನೆ." ವೀಸಾ ರದ್ದು ಮಾಡುವ ಅಧಿಕಾರ ಗಂಡನಿಗಿಲ್ಲ, ಗೃಹ ಇಲಾಖೆಗೆ ಮಾತ್ರ ಇದೆ. ಬ್ರಿಟಿಷ್ ಪ್ರಜೆಯ ಅಥವಾ ಇಲ್ಲಿ ಕಾಯಂ ನೆಲೆಸಿದವರ ಸಂಗಾತಿಯಾಗಿ ಬಂದವರು ದೌರ್ಜನ್ಯದಿಂದ ಸಂಬಂಧ ಮುರಿದರೆ ತಾವೇ ಕಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಕೈಯಲ್ಲಿ ಕಾಸಿಲ್ಲದವರಿಗೆ ಸರ್ಕಾರಿ ನೆರವು ಪಡೆಯಲು ಅವಕಾಶವಿರುವ ಮೂರು ತಿಂಗಳ ಅನುಮತಿಯುಂಟು. 2024ರಿಂದ ಆ ಮೂರು ತಿಂಗಳು ಉದ್ಯೋಗ ಮತ್ತು ವಿದ್ಯಾರ್ಥಿ ವೀಸಾದವರ ಅವಲಂಬಿತ ಸಂಗಾತಿಗಳಿಗೂ ದೊರೆಯುತ್ತದೆ. ನಮ್ಮ ಸಂಘದ ಹೊಸ ಕುಟುಂಬಗಳಲ್ಲಿ ಹೆಚ್ಚಿನವು ಈ ಕೊನೆಯ ಗುಂಪಿನವು. ಅವರಿಗೆ ಅದರಿಂದ ಕಾಯಂ ವಾಸದ ದಾರಿ ತೆರೆಯುವುದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಪೊಲೀಸರಿಗೆ ಹೇಳಿದ್ದು ವಲಸೆ ಇಲಾಖೆಗೆ ಹೋಗುವುದೇ ಇಲ್ಲ ಎಂಬ ಭರವಸೆಯನ್ನೂ ಈ ದೇಶದ ಕಾನೂನು ಕೊಟ್ಟಿಲ್ಲ. ಆದ್ದರಿಂದ ಪ್ರಾಣಾಪಾಯವಿಲ್ಲದ ಘಳಿಗೆಯಲ್ಲಿ, ವೀಸಾದ ಆತಂಕವಿರುವವರು ಮೊದಲು ಸೌತ್‌ಹಾಲ್ ಬ್ಲ್ಯಾಕ್ ಸಿಸ್ಟರ್ಸ್‌ನಂಥ ಸಂಸ್ಥೆಯೊಂದಿಗೆ ಮಾತನಾಡುವುದು ಲೇಸು. 1979ರಲ್ಲಿ ಆರಂಭವಾದ ಈ ಸಂಸ್ಥೆ ನಮ್ಮ ನೆಲದಿಂದ ಬಂದ ಹೆಣ್ಣುಮಕ್ಕಳ ಈ ತೊಡಕುಗಳನ್ನೇ ಬಿಡಿಸುತ್ತ ಬಂದಿದೆ. ವಾಟ್ಸಾಪ್ ಬಳಗದಲ್ಲಿ ವೀಸಾ ಪಂಡಿತರಿಗೆ ಬರವಿಲ್ಲ; ದಯವಿಟ್ಟು ಅವರನ್ನು ಕೇಳಬೇಡಿ.

ಸುಳ್ಳು ದೂರಿನ ಮಾತೂ ಬಂತು. ಮನೆಗಳ್ಳತನದ ಹೆಸರಿನಲ್ಲಿ ವಿಮಾ ಕಂಪನಿಗೆ ಮೋಸ ಮಾಡುವವರೂ ಇದ್ದಾರೆ. ಅದಕ್ಕಾಗಿ ಆ ಕುಟುಂಬದ ಬಂಗಾರ ನಿಜಕ್ಕೂ ಹೋಗಿತ್ತೇ ಎಂದು ನಾವಾರೂ ವಿಚಾರಣೆಗೆ ಕೂರಲಿಲ್ಲ.

ಸಭೆ ನಿರಾಕರಿಸಿದ ಪುಟದಲ್ಲಿ ನಾನು ಬರೆದದ್ದು ಹೆಚ್ಚೇನಿಲ್ಲ. ಅಪಾಯವಿದ್ದರೆ 999, ಮಾತನಾಡಲಾಗದ ಸ್ಥಿತಿಯಲ್ಲಿ ಮೊಬೈಲಿನಿಂದ ಕರೆ ಮಾಡಿ, ಸೂಚನೆ ಬಂದಾಗ 55 ಒತ್ತಿದರೆ ಕರೆ ಪೊಲೀಸರಿಗೆ ವರ್ಗವಾಗುತ್ತದೆ. ನೀವಿರುವ ಜಾಗ ಅದರಿಂದ ತಾನಾಗಿ ತಿಳಿಯುವುದಿಲ್ಲ, ಕರೆ ಕಡಿಯಬಾರದು. ರೆಫ್ಯೂಜ್ ಸಂಸ್ಥೆ ನಡೆಸುವ ರಾಷ್ಟ್ರೀಯ ಸಹಾಯವಾಣಿ 0808 2000 247, ಹಗಲಿರುಳೂ ಉಚಿತ. ವಿಕ್ಟಿಮ್ ಸಪೋರ್ಟ್ ಸಂಸ್ಥೆಯ ಸಂಖ್ಯೆ 0808 16 89 111. ಇದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಪೊಲೀಸರಿಗೆ ದೂರು ಕೊಟ್ಟವರಿಗಷ್ಟೇ ನೆರವು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ದೂರು ಕೊಡದವರೂ ಇವರೊಂದಿಗೆ ಮಾತನಾಡಬಹುದು. ಲೈಂಗಿಕ ದೌರ್ಜನ್ಯಕ್ಕೊಳಗಾದವರಿಗೆಂದೇ ಇರುವ ಕೇಂದ್ರಗಳಿಗೂ ಪೊಲೀಸರ ಹಂಗಿಲ್ಲದೆ ನೇರವಾಗಿ ಹೋಗಬಹುದು. ಅಂಥ ಮೊದಲ ಕೇಂದ್ರ ಮ್ಯಾಂಚೆಸ್ಟರಿನ ಸೇಂಟ್ ಮೇರೀಸ್‌ನಲ್ಲಿ 1986ರಲ್ಲಿ ತೆರೆಯಿತು. ದೂರು ಕೊಡುವುದೋ ಬೇಡವೋ ಎಂದು ನಿರ್ಧರಿಸುವ ಮುನ್ನವೇ ಅಲ್ಲಿ ಪರೀಕ್ಷೆ ಮಾಡಿಸಿ ಮಾದರಿಗಳನ್ನು ಕಾಪಿಡಿಸಬಹುದು. ದಿನಗಳು ಉರುಳಿದಂತೆ ದೇಹದ ಮೇಲಿನ ಸಾಕ್ಷ್ಯ ಅಳಿಯುತ್ತದೆ, ನಿರ್ಧಾರಕ್ಕೆ ಮಾತ್ರ ತಿಂಗಳುಗಳೇ ಬೇಕಾಗಬಹುದು.

ದೂರು ಕೊಟ್ಟವರಿಗೆ ಬಲಿಪಶುಗಳ ಸಂಹಿತೆಯ ಪ್ರಕಾರ ಹನ್ನೆರಡು ಹಕ್ಕುಗಳಿವೆ. ತನಗೆ ಅರ್ಥವಾಗುವಂತೆ ಹೇಳಿಸಿಕೊಳ್ಳುವುದು, ತನ್ನ ಮಾತು ಅರ್ಥವಾಗುವಂತೆ ನೋಡಿಕೊಳ್ಳುವುದು ಅದರಲ್ಲಿ ಮೊದಲನೆಯದು. ಎಂದರೆ ದುಭಾಷಿಯನ್ನು ಕೇಳಬಹುದು. ಕನ್ನಡವನ್ನೇ ಉಸಿರೆನ್ನುವ ನಮ್ಮ ಸಂಘ, ಠಾಣೆಯಲ್ಲಿ ಕನ್ನಡದಲ್ಲಿ ಅಳುವ ಹಕ್ಕಿದೆಯೆಂದು ಈವರೆಗೆ ಯಾರಿಗಾದರೂ ಹೇಳಿದೆಯೇ? ಹಿಂಸೆಯಿಂದ ಗಾಯಗೊಂಡವರು ಸರ್ಕಾರದ ಪರಿಹಾರ ಯೋಜನೆಗೂ ಅರ್ಜಿ ಹಾಕಬಹುದು. ಅಪರಾಧಿಗೆ ಶಿಕ್ಷೆಯಾಗಿರಬೇಕೆಂಬ ನಿಯಮವಿಲ್ಲ. ಆದರೆ ಪೊಲೀಸರಿಗೆ ತಿಳಿಸಿರಬೇಕು, ಸಾಮಾನ್ಯವಾಗಿ ಎರಡು ವರ್ಷಗಳೊಳಗೆ ಅರ್ಜಿ ಹೋಗಬೇಕು. ನಮ್ಮ ರಾಜಿ ಪಂಚಾಯಿತಿಗಳು ಹೆಚ್ಚಾಗಿ ನುಂಗುವುದು ಈ ಎರಡು ವರ್ಷಗಳನ್ನೇ.

ನನ್ನ ವೃತ್ತಿಬಾಂಧವರಿಗೆ ಒಂದು ನೆನಪು: ಕಾನೂನು ನೆರವಿಗಾಗಿ ದೌರ್ಜನ್ಯದ ಪ್ರಮಾಣಪತ್ರ ಕೇಳಿದ ರೋಗಿಯಿಂದ ಜಿ.ಪಿ.ಗಳು ಶುಲ್ಕ ಪಡೆಯುವುದನ್ನು 2021ರ ಕಾಯಿದೆ ನಿಷೇಧಿಸಿದೆ. ನಮ್ಮಲ್ಲಿ ವೈದ್ಯರು ಹೆಚ್ಚು. ಸ್ವಾಗತ ಮೇಜಿನವರಿಗೆ ಇದು ಗೊತ್ತಿದೆಯೇ ಎಂದು ಸೋಮವಾರ ವಿಚಾರಿಸಿ.

ಇದನ್ನೆಲ್ಲ ಓದಿ ಈ ದೇಶ ಸ್ವರ್ಗವೆಂದು ತಿಳಿಯಬೇಡಿ. ಮೊಕದ್ದಮೆಗಳು ವರ್ಷಗಟ್ಟಲೆ ಕಾಯುತ್ತವೆ, ಆಶ್ರಯಧಾಮಗಳಲ್ಲಿ ಜಾಗವಿಲ್ಲವೆಂಬ ಉತ್ತರವೂ ಬರುತ್ತದೆ, ಸ್ಕಾಟ್‌ಲೆಂಡ್ ಮತ್ತು ಉತ್ತರ ಐರ್ಲೆಂಡ್‌ಗಳ ಏರ್ಪಾಡುಗಳು ಬೇರೆ. ನೆರವು ಬೇಕಾಗುವುದು ಹೆಂಡತಿಯರಿಗೆ ಮಾತ್ರವೂ ಅಲ್ಲ. ಮೊಮ್ಮಗುವನ್ನು ನೋಡಿಕೊಳ್ಳಲು ಬಂದು ಮಗನ ಮನೆಯಲ್ಲಿ ಬೈಗುಳ ತಿನ್ನುವ ತಾಯಿಗೂ ಬೇಕು, ಬಾಯಿ ಬಿಡಲು ನಾಚುವ ಗಂಡಸಿಗೂ ಬೇಕು. ಕೊರತೆಯುಳ್ಳ ವ್ಯವಸ್ಥೆಯಾದರೂ ಅಲ್ಲಿ ತರಬೇತಿ ಪಡೆದವರಿದ್ದಾರೆ, ಹೇಳಿದ್ದನ್ನು ನಾಳಿನ ಭೋಜನಕೂಟದಲ್ಲಿ ಬಡಿಸುವವರಿಲ್ಲ. ನಾವು ಮೂವರು ಆ ಮನೆಯಲ್ಲಿ ಕುಳಿತಾಗ ನಮಗೆ ತರಬೇತಿಯೂ ಇರಲಿಲ್ಲ, ಗುಟ್ಟು ಕಾಯುವ ಕಟ್ಟುಪಾಡೂ ಇರಲಿಲ್ಲ. ಹದಿನೈದು ದಿನಗಳಲ್ಲಿ ಅವಳ ಮನೆಯ ಸುದ್ದಿ ಮೂರು ಊರಿನ ಕನ್ನಡಿಗರಿಗೆ ತಿಳಿದಿತ್ತು.

ಮುಂದಿನ ಸಭೆಗೆ ಎರಡು ನಿರ್ಣಯಗಳನ್ನು ಲಿಖಿತವಾಗಿ ಕೊಟ್ಟಿದ್ದೇನೆ. ಸಂಘದ ಹೆಸರಿನಲ್ಲಿ ಯಾವ ಪದಾಧಿಕಾರಿಯೂ ಯಾವ ಮನೆಯಲ್ಲೂ ಇನ್ನು ರಾಜಿ ಮಾಡಿಸಬಾರದು. ಯಾರಾದರೂ ನೆರವು ಕೇಳಿ ಬಂದರೆ ಏಕಾಂತದಲ್ಲಿ ಕೇಳಿಸಿಕೊಂಡು, ಮೇಲಿನ ಸಂಖ್ಯೆಗಳನ್ನು ಕೊಟ್ಟು, ಬೇಕಿದ್ದರೆ ಜೊತೆಗೆ ಹೋಗಬೇಕು, ಅಷ್ಟೇ. ಮತ್ತು ಆ ಪುಟ, ಬಂಗಾರದ ಪುಟದ ಪಕ್ಕದಲ್ಲೇ, ವರ್ಷವಿಡೀ ಇರಬೇಕು. ವಿರೋಧಿಸುವವರು ಸಭೆಯಲ್ಲಿ ಕೈಯೆತ್ತಿ ವಿರೋಧಿಸಲಿ, ನಡಾವಳಿಯಲ್ಲಿ ದಾಖಲಾಗಲಿ.

ಅದಿರಲಿ, ರಾಜ್ಯೋತ್ಸವಕ್ಕೆ ಬಾಡಿಗೆಗೆ ಹಿಡಿದ ಸಭಾಂಗಣದ ವ್ಯವಸ್ಥಾಪಕರ ಅನುಮತಿ ನನಗೆ ಈಗಾಗಲೇ ಸಿಕ್ಕಿದೆ. ಶೌಚಾಲಯಗಳ ಬಾಗಿಲ ಒಳಬದಿಗೆ, ಕನ್ನಡದಲ್ಲಿ, ಈ ಸಂಖ್ಯೆಗಳ ಚೀಟಿಗಳನ್ನು ಅಂಟಿಸಲಿದ್ದೇನೆ. ಬೂಟಿನೊಳಗೆ ಮಡಚಿಡಬಹುದಾದಷ್ಟು ಚಿಕ್ಕ ಚೀಟಿಗಳು. ಹರಿದುಕೊಂಡು ಹೋಗಲೆಂದೇ ಮುದ್ರಿಸಿದ್ದು. ಎಷ್ಟು ಉಳಿದವೆಂದು ಕಾರ್ಯಕ್ರಮ ಮುಗಿದ ಮೇಲೆ ಯಾರೂ ಎಣಿಸಬಾರದೆಂದು ಕೋರುತ್ತೇನೆ.