ಆರೈಕೆಯೊಳಗಿನ ಕೊರತೆ

ಅಮ್ಮನನ್ನೋ ಅಪ್ಪನನ್ನೋ ವೃದ್ಧಾಶ್ರಮಕ್ಕೆ ಸೇರಿಸುವ ಮುಂಚೆ ಮಕ್ಕಳು ಅಲ್ಲಿಗೆ ಹೋಗಿ ಏನೇನು ನೋಡುತ್ತಾರೆ? ನೆಲ ಒರೆಸಿದ್ದಾರೆಯೇ, ಬಚ್ಚಲಲ್ಲಿ ಹಿಡಿಕೆ ಇದೆಯೇ, ಅನ್ನ ಮೆತ್ತಗಿದೆಯೇ, ಖಾರ ಕಡಿಮೆಯೇ, ಬಿಸಿಲು-ಧೂಳು ನುಗ್ಗದಂತೆ ಗಾಜಿನ ಕಿಟಕಿ ಇದೆಯೇ, ಯಾರೂ ಎದ್ದು ಅಡ್ಡಾಡಿ ಬಿದ್ದುಹೋಗದಂತೆ ಆಯಾ ಕಣ್ಣಿಟ್ಟಿರುತ್ತಾಳೆಯೇ. ಕೇಳಬೇಕಾದ ಪ್ರಶ್ನೆಗಳೇ. ಆದರೆ ಇದೇ ಪಟ್ಟಿಯನ್ನು ಆಹಾರತಜ್ಞರ ಮುಂದಿಟ್ಟರೆ ಅವರು ಅದರಲ್ಲಿ ಬೇರೆಯದನ್ನು ಓದುತ್ತಾರೆ: ಬಿಸಿಲಿಲ್ಲ, ನಡಿಗೆಯಿಲ್ಲ, ಅಗಿಯುವಂಥದ್ದಿಲ್ಲ, ಹಸಿಯದು ಏನೂ ಇಲ್ಲ. ವೃದ್ಧಾಶ್ರಮಗಳಲ್ಲಿ ವಿಟಮಿನ್ ಕೊರತೆ ಎಂದೊಡನೆ ನಮಗೆ ಹೊಳೆಯುವುದು ಅಲಕ್ಷ್ಯ, ಹಣ ನುಂಗುವ ಆಡಳಿತ, ನೀರು ಸಾರು. ಅಂಥ ಜಾಗಗಳೂ ಇವೆ. ನನ್ನನ್ನು ಹೆಚ್ಚು ಕಾಡುವುದು ಒಳ್ಳೆಯ ಹೆಸರಿರುವ ಆಶ್ರಮಗಳ ಕೊರತೆ. ಅಲ್ಲಿ ಅದು ಕಾಳಜಿಯ ದಾರಿಯಲ್ಲೇ ನಡೆದು ಬರುತ್ತದೆ.

ಬಿಸಿಲಿನ ವಿಷಯವನ್ನೇ ನೋಡಿ. ಎಳೆಬಿಸಿಲಿಗೆ ಕೂತರೆ ಡಿ ವಿಟಮಿನ್ ಸಿಗುತ್ತದೆ ಎಂಬುದು ನಮ್ಮಲ್ಲಿ ವೇದವಾಕ್ಯ. ಬೆಳಗ್ಗೆ ಏಳಕ್ಕೆ ಸ್ನಾನ ಮಾಡಿಸಿ, ಸ್ವೆಟರ್ ತೊಡಿಸಿ, ತಲೆಗೆ ಮಫ್ಲರ್ ಸುತ್ತಿ, ವರಾಂಡದಲ್ಲಿ ಸಾಲಾಗಿ ಕೂರಿಸುತ್ತಾರೆ. ಅಜ್ಜಿಯರಿಗೆ ಹಿತವಾಗಿರುತ್ತದೆ, ನಾಲ್ಕು ಮಾತೂ ಆಗುತ್ತದೆ. ಡಿ ಮಾತ್ರ ಹೆಚ್ಚೇನೂ ಹುಟ್ಟುವುದಿಲ್ಲ. ಚರ್ಮದಲ್ಲಿ ಅದನ್ನು ತಯಾರಿಸುವ ಯುವಿಬಿ ಕಿರಣ ಸೂರ್ಯ ಓರೆಯಾಗಿರುವಾಗ ವಾತಾವರಣದಲ್ಲೇ ಸೋಸಿಹೋಗುತ್ತದೆ. ನೆರಳು ನಮ್ಮ ಎತ್ತರಕ್ಕಿಂತ ಗಿಡ್ಡವಾದಾಗ ಮಾತ್ರ ನೆಲಕ್ಕೆ ಸಾಕಷ್ಟು ಮುಟ್ಟುತ್ತದೆ. ಹೆಚ್ಚುಕಡಿಮೆ ಬೆಂಗಳೂರಿನ ಅಕ್ಷಾಂಶದಲ್ಲೇ ಇರುವ ತಿರುಪತಿಯಲ್ಲಿ ಪರೀಕ್ಷಿಸಿದಾಗಲೂ ಒಳ್ಳೆಯ ಹೊತ್ತು ಎಂದು ಕಂಡದ್ದು ಬೆಳಗ್ಗೆ 11ರಿಂದ ಮಧ್ಯಾಹ್ನ 2. ಆ ಹೊತ್ತಿಗೆ ಆಶ್ರಮದಲ್ಲಿ ಎಲ್ಲರೂ ಒಳಗೆ, ಊಟ, ನಿದ್ದೆ. ಕಿಟಕಿಯಿಂದ ಬಿಸಿಲು ಮಂಚದ ಮೇಲೆ ಬಿದ್ದರೂ ಗಾಜು ಯುವಿಬಿಯನ್ನು ತಡೆದುಬಿಡುತ್ತದೆ. ಸಾಲದ್ದಕ್ಕೆ ಮುಪ್ಪಿನ ಚರ್ಮದಲ್ಲಿ ಕಚ್ಚಾಮಾಲೇ ಕಡಿಮೆ. ಅದೇ ಬಿಸಿಲಿಗೆ ಎಳೆಯರ ಚರ್ಮ ಮಾಡುವುದರ ಅರ್ಧದಷ್ಟನ್ನೂ ಅದು ಮಾಡಲಾರದು ಎಂದು 1985ರಲ್ಲೇ ತೋರಿಸಿದ್ದಾರೆ.

ಹಾಗಾದರೆ ಎಂಬತ್ತೈದರ ಅಜ್ಜನನ್ನು ಏಪ್ರಿಲ್ ತಿಂಗಳ ಕಲಬುರಗಿಯಲ್ಲಿ ಮಟಮಟ ಮಧ್ಯಾಹ್ನ ಅಂಗಳಕ್ಕೆ ಎಳೆತರಬೇಕೇ? ಖಂಡಿತ ಬೇಡ. ಇಲ್ಲಿ ಸಹಜ ಜೀವನದ ಆದರ್ಶವನ್ನು ಪಕ್ಕಕ್ಕಿಟ್ಟು ಮಾತ್ರೆ ಕೊಡುವುದೇ ವಿವೇಕ. ಫ್ರಾನ್ಸಿನಲ್ಲಿ ವೃದ್ಧಾಶ್ರಮಗಳಲ್ಲೂ ವೃದ್ಧರ ವಸತಿಗಳಲ್ಲೂ ಇದ್ದ 3,270 ಹೆಂಗಸರ ಮೇಲೆ ನಡೆದ ಪ್ರಯೋಗ 1992ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 84. ಅರ್ಧದಷ್ಟು ಜನರಿಗೆ ದಿನವೂ 800 ಯೂನಿಟ್ ಡಿ ಜೊತೆಗೆ 1.2 ಗ್ರಾಂ ಕ್ಯಾಲ್ಸಿಯಂ ಕೊಟ್ಟರು. ಹದಿನೆಂಟು ತಿಂಗಳಲ್ಲಿ ಸೊಂಟದ ಮೂಳೆ ಮುರಿತ ಅವರಲ್ಲಿ ಶೇ 43ರಷ್ಟು ಕಡಿಮೆಯಾಗಿತ್ತು. ಮೂವತ್ತು ವರ್ಷ ಕಳೆದು, 2022ರಲ್ಲಿ, ಅಮೆರಿಕದ 25,871 ಜನರ ಮೇಲೆ ನಡೆದ ಇನ್ನೂ ದೊಡ್ಡ ಪ್ರಯೋಗದ ಫಲಿತಾಂಶ ಬಂತು: ಡಿ ಮಾತ್ರೆಯಿಂದ ಮೂಳೆ ಮುರಿತ ಕಡಿಮೆಯಾಗಲಿಲ್ಲ. ಎರಡನೆಯದನ್ನು ಹಿಡಿದು ಮೊದಲನೆಯದನ್ನು ತಳ್ಳಿಹಾಕುವವರಿದ್ದಾರೆ. ಆ ಅಮೆರಿಕನ್ನರು ತಮ್ಮ ಮನೆಗಳಲ್ಲಿದ್ದು ಓಡಾಡಿಕೊಂಡಿದ್ದವರು, ಕೊರತೆ ಇದೆಯೆಂದು ಆರಿಸಿಕೊಂಡವರಲ್ಲ. ತುಂಬಿದ ಕೊಡಕ್ಕೆ ನೀರು ಸುರಿದು, ನೀರಿನಿಂದ ಪ್ರಯೋಜನವಿಲ್ಲ ಎಂದ ಹಾಗಾಯಿತು.

ನಮ್ಮ ತಪ್ಪು ಇನ್ನೊಂದು ಕಡೆ ವಾಲುತ್ತದೆ. ದಿನದ ಮಾತ್ರೆ ನೆನಪಿಡುವುದು ಕಷ್ಟ, ವಾರಕ್ಕೊಮ್ಮೆ 60,000 ಯೂನಿಟ್‌ನ ಪುಡಿ ಹಾಲಿಗೆ ಬೆರೆಸಿದರೆ ಆಯಿತು ಎಂಬ ಲೆಕ್ಕ. ಕೊರತೆ ಇದ್ದವರಿಗೆ ಕೆಲವು ವಾರ ವೈದ್ಯರು ಇದನ್ನು ಬರೆಯುತ್ತಾರೆ, ಸರಿಯೇ. ನಿಲ್ಲಿಸಬೇಕೆಂದು ಯಾರೂ ಹೇಳದೆ ವರ್ಷಗಟ್ಟಲೆ ಸಾಗಿದರೆ ಮಾತು ಬೇರೆ. ಆಸ್ಟ್ರೇಲಿಯಾದಲ್ಲಿ ವಯಸ್ಸಾದ ಹೆಂಗಸರಿಗೆ ವರ್ಷಕ್ಕೊಂದೇ ಸಲ 5 ಲಕ್ಷ ಯೂನಿಟ್ ಕೊಟ್ಟು ನೋಡಿದರು. 2010ರಲ್ಲಿ ಫಲಿತಾಂಶ ಬಂದಾಗ, ಕೊಟ್ಟವರಲ್ಲೇ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಗಿತ್ತು. ನಮ್ಮ ಐಸಿಎಂಆರ್ ಅರವತ್ತು ದಾಟಿದವರಿಗೆ ಹೇಳುವುದು ದಿನಕ್ಕೆ 800 ಯೂನಿಟ್.

ಬಿ12ರ ಕಥೆ ಇನ್ನೂ ಸೂಕ್ಷ್ಮ. ಬ್ಯಾಕ್ಟೀರಿಯಾ ತಯಾರಿಸುವ ಈ ವಿಟಮಿನ್ ನಮಗೆ ಸಿಗುವುದು ಪ್ರಾಣಿಮೂಲದ ಆಹಾರದಿಂದ. ಬಹಳ ಆಶ್ರಮಗಳ ಅಡುಗೆಮನೆ ಶುದ್ಧ ಸಸ್ಯಾಹಾರಿ. ಮೊಟ್ಟೆ ಒಳಗೆ ಬರುವ ಹಾಗಿಲ್ಲ. ಮನೆಯಲ್ಲಿ ಜೀವನವಿಡೀ ಮೀನು ತಿಂದ ಮಂಗಳೂರಿನ ಅಜ್ಜನೂ ಇಲ್ಲಿ ಎಲ್ಲರ ಪಂಕ್ತಿಯಲ್ಲೇ. ಉಳಿಯುವುದು ಹಾಲು, ಮೊಸರು. ದಿನದ ಬಿ12 ಪೂರ್ತಿ ಹಾಲಿನಿಂದಲೇ ಬರಬೇಕಾದರೆ ಹತ್ತಿರಹತ್ತಿರ ಅರ್ಧ ಲೀಟರ್ ಬೇಕು. ಎರಡು ಲೋಟ ಟೀಗೆ ಬೀಳುವ ಹಾಲು, ಕೊನೆಯ ಅನ್ನಕ್ಕೆ ಸುರಿಯುವ ನೀರುಮಜ್ಜಿಗೆ ಯಾವ ಮೂಲೆಗೆ ಸಾಕು? ರಾಗಿ, ನುಗ್ಗೆಸೊಪ್ಪು ತಿನ್ನಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಒಂದು ಮಾತು: ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳ, ಬಿ12 ಇಲ್ಲ. ಹುಳಿ ಬಂದ ಇಡ್ಲಿ ಹಿಟ್ಟನ್ನು ನಂಬಿಕೊಂಡೂ ಕೂರಲಾಗದು.

ತಿಂದದ್ದಾದರೂ ರಕ್ತಕ್ಕೆ ಸೇರುತ್ತದೆಯೇ? ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡಿಸಿಕೊಳ್ಳಲು ಹೊಟ್ಟೆಯ ಆಮ್ಲ ಬೇಕು. ವಯಸ್ಸಾದ ಹಲವರಲ್ಲಿ ಅದು ಕಡಿಮೆಯಾಗಿರುತ್ತದೆ. ಅದರ ಮೇಲೆ ಬೆಳಗ್ಗೆ ಖಾಲಿ ಹೊಟ್ಟೆಗೆ ಗ್ಯಾಸ್ ಮಾತ್ರೆ, ಊಟದ ಜೊತೆ ಶುಗರ್ ಮಾತ್ರೆ. ಪ್ಯಾಂಟೊಪ್ರಝೋಲ್ ಇರುವ ಆಮ್ಲವನ್ನೂ ತಗ್ಗಿಸುತ್ತದೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುತ್ತದೆ. ಎರಡೂ ಬೇಕಾದ ಔಷಧಗಳೇ. ಯಾವಾಗಲೋ ಬರೆದುಕೊಟ್ಟ ಗ್ಯಾಸ್ ಮಾತ್ರೆ ಇನ್ನೂ ಬೇಕೇ ಎಂದು ಮರಳಿ ಕೇಳುವವರು ಮಾತ್ರ ಇಲ್ಲ. ಯಕೃತ್ತಿನಲ್ಲಿ ಕೆಲವು ವರ್ಷಕ್ಕಾಗುವ ದಾಸ್ತಾನು ಇರುವುದರಿಂದ ಕೊರತೆ ಕಾಣಿಸುವ ಹೊತ್ತಿಗೆ ಅದರ ಕಾರಣ ಯಾರಿಗೂ ನೆನಪಿರುವುದಿಲ್ಲ.

ಕಾಣಿಸಿದಾಗಲೂ ಅದು ಮುಪ್ಪಿನ ವೇಷದಲ್ಲೇ ಬರುತ್ತದೆ. ಪಾದ ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ನಾಲಿಗೆ ಉರಿ, ಮಂಕು, ಮರೆವು. ಎಂಬತ್ತರ ಅಮ್ಮ ಹೀಗಾದರೆ ಸಿಸ್ಟರ್, ಮಗ, ಕೊನೆಗೆ ವೈದ್ಯರೂ ವಯಸ್ಸಾಯಿತಲ್ಲ ಎಂದುಬಿಡುತ್ತಾರೆ. ಮರೆವಿಗೆಲ್ಲ ಬಿ12 ಕಾರಣವಲ್ಲ. ಕೊರತೆ ಇಲ್ಲದವರಿಗೆ ಮಾತ್ರೆ ಕೊಟ್ಟರೆ ನೆನಪು ಚುರುಕಾಗುತ್ತದೆ ಎಂಬುದಕ್ಕೆ ಆಧಾರವೂ ಇಲ್ಲ. ಕೊರತೆ ಇದ್ದವರಲ್ಲಿ ತಡಮಾಡಿದರೆ ನರಗಳಿಗೆ ಆದ ಹಾನಿ ಹಿಂದಿರುಗದೆ ಹೋಗಬಹುದು. ಚಿಕಿತ್ಸೆಯೋ ತೀರಾ ಸರಳ. ಆಹಾರದ ಬಿ12 ಹೀರಲಾರದ ಹೊಟ್ಟೆಯೂ ಮಾತ್ರೆಯ ಬಿಡಿ ಬಿ12 ಅನ್ನು ಸಾಮಾನ್ಯವಾಗಿ ಹೀರಬಲ್ಲದು. 1,000 ಮೈಕ್ರೋಗ್ರಾಂನಂಥ ದೊಡ್ಡ ಪ್ರಮಾಣವಾದರೆ ಅದರ ಶೇ 1ರಷ್ಟು ಯಾವ ನೆರವೂ ಇಲ್ಲದೆ ಒಳಸೇರುತ್ತದೆ.

ಸಿ ವಿಟಮಿನ್‌ನ ದಾರಿ ನೇರ. ನೂರು ಜನರ ಅಡುಗೆ ಹನ್ನೊಂದಕ್ಕೇ ಮುಗಿದು ಹಾಟ್‌ಬಾಕ್ಸ್‌ನಲ್ಲಿ ಒಂದೂವರೆವರೆಗೆ ಬೆಚ್ಚಗಿದ್ದರೆ ತರಕಾರಿಯ ಸಿ, ಫೋಲೇಟ್ ಎರಡೂ ಕರಗುತ್ತಾ ಹೋಗುತ್ತವೆ. ತಟ್ಟೆಗೆ ಬಡಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿದರೆ ಬಹಳಷ್ಟು ಸುಧಾರಿಸೀತು.

ಮಾತ್ರೆಯಲ್ಲಿ ಮುಗಿಯದ ಭಾಗವೂ ಇದೆ. ಆಸ್ಟ್ರೇಲಿಯಾದ 60 ವೃದ್ಧಾಶ್ರಮಗಳ 7,195 ನಿವಾಸಿಗಳ ಮೇಲೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಡಿ ಮಟ್ಟ ಸಾಕಷ್ಟಿದ್ದವರು ಅವರು. ಅರ್ಧದಷ್ಟು ಆಶ್ರಮಗಳಲ್ಲಿ ಊಟಕ್ಕೆ ಹಾಲು, ಮೊಸರು, ಚೀಸ್ ಹೆಚ್ಚಿಸಿದರು, ಅಷ್ಟೇ. ಮೂಳೆ ಮುರಿತ ಶೇ 33ರಷ್ಟು, ಸೊಂಟದ ಮುರಿತ ಶೇ 46ರಷ್ಟು ತಗ್ಗಿತು. ಹಾಗೆಂದರೆ ಇದು ಔಷಧದ ಡಬ್ಬಿಯಷ್ಟೇ ಅಡುಗೆಮನೆಯ ಖರ್ಚುಪಟ್ಟಿಯ ಪ್ರಶ್ನೆ. ನಮ್ಮ 2007ರ ಹಿರಿಯ ನಾಗರಿಕರ ಕಾಯ್ದೆ ಜಿಲ್ಲೆಗೊಂದಾದರೂ ವೃದ್ಧಾಶ್ರಮವನ್ನು, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವನ್ನು ಹೇಳುತ್ತದೆ. ಅಲ್ಲಿ ಸೇವೆಯ ಮಟ್ಟ ಗೊತ್ತುಮಾಡಬೇಕು ಎನ್ನುವ ಸಾಲಿನಲ್ಲಿ ವೈದ್ಯಕೀಯ ಆರೈಕೆ ಇದೆ, ಮನರಂಜನೆ ಇದೆ. ಊಟದ ಪ್ರಸ್ತಾಪವಿಲ್ಲ.

ಆ ಜಾಗವನ್ನು ನಮ್ಮಲ್ಲಿ ದಾನಿಗಳು ತುಂಬುತ್ತಾರೆ. ಮಗುವಿನ ಹುಟ್ಟುಹಬ್ಬ, ಹಿರಿಯರ ತಿಥಿ ಎಂದು ಆಶ್ರಮಕ್ಕೆ ಒಂದು ಹೊತ್ತಿನ ಊಟ ಬರೆಸುವುದು ಒಳ್ಳೆಯ ಪದ್ಧತಿ. ಎಲೆಯ ಮೇಲೆ ಹೋಳಿಗೆ, ಪಾಯಸ, ಎಣ್ಣೆಯಲ್ಲಿ ಕರಿದ ಬೋಂಡ. ಉಣ್ಣುವವರಲ್ಲಿ ಎಷ್ಟೋ ಮಂದಿಗೆ ಸಕ್ಕರೆ ಕಾಯಿಲೆ. ಕಚೇರಿಯ ಗೋಡೆಗೆ ತೂಗುಹಾಕಿದ ದರಪಟ್ಟಿಯಲ್ಲಿ ಸಿಹಿ ಊಟಕ್ಕೆ ಇಷ್ಟು, ತಿಂಡಿಗೆ ಇಷ್ಟು ಎಂದಿರುತ್ತದೆ. ಅದರ ಕೆಳಗೆ ಒಂದು ವಾರದ ಹಾಲಿಗೆ ಇಷ್ಟು, ಒಬ್ಬರ ಒಂದು ವರ್ಷದ ಬಿ12ಗೆ ಇಷ್ಟು ಎಂದು ಇನ್ನೆರಡು ಸಾಲು ಬರೆಸಲು ಕಾಯ್ದೆಯ ತಿದ್ದುಪಡಿಗೆ ಕಾಯಬೇಕಿಲ್ಲ.