ನಾಡಿಗೆ ಸಾಲ ಕೊಟ್ಟ ಸೇನಾನಿ

ಮಾನವನಿಗೆ ಋಣಗಳು ಹಲವು. ತಂದೆತಾಯಿಗಳ ಋಣ, ಗುರುವಿನ ಋಣ, ಅನ್ನದ ಋಣ ಇವುಗಳನ್ನು ಕುರಿತು ನಾವೆಲ್ಲ ಚಿಕ್ಕಂದಿನಿಂದಲೂ ಕೇಳುತ್ತ ಬಂದಿದ್ದೇವೆ. ಆದರೆ ನಾಡೊಂದು ತನ್ನ ಪ್ರಜೆಗೆ ಋಣಿಯಾಗುವುದುಂಟೆ? ಆದಲ್ಲಿ ಅದನ್ನು ತೀರಿಸುವವರಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಈ ಸಲ ಓದುಗ ಬಂಧುಗಳಿಗೆ ದೂರದ ಅಮೆರಿಕದ ಒಂದು ಬಾಳಿನ ಕಥೆಯನ್ನು ಅರಿಕೆ ಮಾಡುತ್ತಿದ್ದೇವೆ.

ಸ್ಕಾಟ್ಲೆಂಡಿನ ಉತ್ತರದ ಅಂಚಿನಲ್ಲಿ ಥರ್ಸೋ ಎಂಬ ಕಡಲತಡಿಯ ಊರಿದೆ. 1730ರ ದಶಕದಲ್ಲಿ ಅಲ್ಲಿ ಜನಿಸಿದ ಆರ್ಥರ್ ಸೇಂಟ್ ಕ್ಲೇರ್ ಲಂಡನ್ನಿನಲ್ಲಿ ಕೆಲಕಾಲ ವೈದ್ಯವಿದ್ಯೆಯನ್ನು ಕಲಿತು, 1757ರಲ್ಲಿ ಬ್ರಿಟಿಷ್ ಸೈನ್ಯವನ್ನು ಸೇರಿದನು. ಅಮೆರಿಕ ಖಂಡದಲ್ಲಿ ಫ್ರೆಂಚರೊಡನೆ ನಡೆದ ಯುದ್ಧದಲ್ಲಿ ಹೋರಾಡಿ, 1762ರಲ್ಲಿ ಸೇನೆಯನ್ನು ತೊರೆದನು. ಮಡದಿ ಫೀಬಿ ಬೇಯರ್ಡಳಿಗೆ ತವರಿನಿಂದ ಬಂದ ಸಂಪತ್ತಿನ ನೆರವಿನಿಂದ ಪೆನ್ಸಿಲ್ವೇನಿಯದ ಲಿಗೊನಿಯರ್ ಕಣಿವೆಯಲ್ಲಿ ಭೂಮಿಯನ್ನು ಕೊಂಡು, ಕಾಡು ಕಡಿಸಿ ಹೊಲ ಮಾಡಿ, ಹಿಟ್ಟಿನ ಗಿರಣಿಯನ್ನೂ ಕಟ್ಟಿಸಿದನು. ಆ ಸೀಮೆಯ ದೊಡ್ಡ ಭೂಮಾಲೀಕರಲ್ಲಿ ಆತನೊಬ್ಬನಾದನು.

1775ರಲ್ಲಿ ಅಮೆರಿಕದ ಜನ ಬ್ರಿಟಿಷರ ವಿರುದ್ಧ ಎದ್ದರು. ಸೇಂಟ್ ಕ್ಲೇರ್ ತಾನು ಹಿಂದೆ ದುಡಿದ ಸೈನ್ಯಕ್ಕೇ ಎದುರಾಗಿ ವಾಷಿಂಗ್ಟನ್ನನ ಪಕ್ಷದಲ್ಲಿ ನಿಂತನು. 1777ರಲ್ಲಿ ಮೇಜರ್ ಜನರಲ್ ಪದವಿ ದೊರೆಯಿತು. ಅದೇ ವರ್ಷದ ಜುಲೈನಲ್ಲಿ, ಉಳಿಸಿಕೊಳ್ಳಲಾಗದ ಟಿಕಾಂಡರೋಗ ಕೋಟೆಯನ್ನು ಬಿಟ್ಟು ತನ್ನ ಸೈನಿಕರ ಪ್ರಾಣ ಉಳಿಸಿದ್ದಕ್ಕೆ ನಿಂದೆಯೂ ಬಂದಿತು. 1778ರ ಸೇನಾ ವಿಚಾರಣೆಯು ಆತನನ್ನು ನಿರ್ದೋಷಿಯೆಂದು ಸಾರಿತು. 1787ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷನಾಗಿ, ಮರುವರ್ಷ ವಾಯವ್ಯ ಪ್ರಾಂತದ ಗವರ್ನರನಾದನು. ನೇಗಿಲನ್ನು ಬಿಟ್ಟು ರಣಕ್ಕೆ ಹೋಗಿ, ಗೆದ್ದು, ಮತ್ತೆ ನೇಗಿಲಿಗೆ ಮರಳಿದ ರೋಮಿನ ಸಿನ್ಸಿನಾಟಸ್‌ನ ಹೆಸರನ್ನು ಧರಿಸಿದ ಸೇನಾಧಿಕಾರಿಗಳ ಸಂಘವೊಂದಿತ್ತು. ಅದರ ನೆನಪಿಗಾಗಿ ಓಹಾಯೋ ನದಿಯ ದಡದ ಒಂದು ಊರಿಗೆ 1790ರಲ್ಲಿ ಸಿನ್ಸಿನಾಟಿ ಎಂದು ಹೆಸರಿಟ್ಟವನು ಈತನೇ.

ಆದರೆ ಆ ಪ್ರಾಂತ ನಿರ್ಜನವಾಗಿರಲಿಲ್ಲ. ಅದು ಮಿಯಾಮಿ, ಶಾನಿ ಮೊದಲಾದ ಮೂಲನಿವಾಸಿಗಳ ನೆಲವಾಗಿತ್ತು. 1791ರ ನವೆಂಬರ್ 4ರಂದು ವಬಾಷ್ ನದಿಯ ಬಳಿ ಅವರು ಸೇಂಟ್ ಕ್ಲೇರನ ಸೇನೆಯನ್ನು ಮುತ್ತಿ, 600ಕ್ಕೂ ಹೆಚ್ಚು ಸೈನಿಕರನ್ನು ಕೊಂದರು. ಕೀಲುನೋವಿನಿಂದ ನರಳುತ್ತಿದ್ದ ಸೇನಾಪತಿಯು ಹೇಗೋ ಬದುಕಿ ಮರಳಿದನು. ಸರಿಯಾದ ಸಾಮಗ್ರಿಯಾಗಲಿ ತರಬೇತಿಯಾಗಲಿ ಇಲ್ಲದ ದಂಡು ಅದು ಎಂಬುದು ನಿಜ. ಆದರೂ ಅನ್ಯರ ನೆಲವನ್ನು ಕಸಿಯಹೊರಟ ದಂಡು ಅದೆಂಬುದನ್ನು ನಾವು ಮರೆಮಾಚಲಾರೆವು. ಒಬ್ಬನ ಉಪಕಾರವನ್ನು ನೆನೆಯುವಾಗ ಆತನ ಕೈಯಿಂದಾದ ಅನ್ಯಾಯವನ್ನು ಅಳಿಸಬೇಕಾಗಿಲ್ಲ.

ಇನ್ನು ಋಣದ ಮಾತು. ಯುದ್ಧಕಾಲದಲ್ಲಿ ಸೈನ್ಯಕ್ಕಾಗಿ ಆತ ತನ್ನ ಗಂಟಿನಿಂದ ಹಣ ಕೊಟ್ಟಿದ್ದನು. ಗವರ್ನರನಾಗಿದ್ದಾಗ ಸರಕಾರದ ವೆಚ್ಚಕ್ಕೆ ತನ್ನ ಹೆಸರಿನಲ್ಲಿ ಹೊಣೆ ಹೊತ್ತಿದ್ದನು. 1802ರಲ್ಲಿ ಅಧ್ಯಕ್ಷ ಜೆಫರ್ಸನ್ ಆತನನ್ನು ಪದವಿಯಿಂದ ತೆಗೆದನು. ಕೊಟ್ಟ ಹಣವನ್ನು ಮರಳಿ ಕೇಳಿದರೆ ಸರಕಾರ ಕೊಡಲಿಲ್ಲ. ಸಾಲಗಾರರು ಮಾತ್ರ ಬಿಡಲಿಲ್ಲ. ಹೊಲ, ಮನೆ, ಗಿರಣಿ ಎಲ್ಲವೂ ಕೈಬಿಟ್ಟವು. ಮುಪ್ಪಿನಲ್ಲಿ ಗುಡ್ಡದ ಮೇಲಿನ ಮರದ ದಿಮ್ಮಿಯ ಮನೆಯೊಂದೇ ಆಸರೆಯಾಯಿತು. 1818ರ ಆಗಸ್ಟಿನಲ್ಲಿ ಸಾಮಾನು ತರಲೆಂದು ಬಂಡಿ ಹೊಡೆದುಕೊಂಡು ಹೊರಟ ವೃದ್ಧನು ದಾರಿಯಲ್ಲಿ ಉರುಳಿಬಿದ್ದು, 31ರಂದು ಅಸುನೀಗಿದನು. 1832ರಲ್ಲಿ ಗ್ರೀನ್ಸ್‌ಬರ್ಗಿನಲ್ಲಿ ಆತನ ಸಮಾಧಿಗೆ ಕಲ್ಲು ನಿಲ್ಲಿಸಿದವರು ಫ್ರೀಮೇಸನ್ ಬಂಧುಗಳು, ಸರಕಾರವಲ್ಲ.

ಓದುಗ ಬಂಧುಗಳೇ, ಊರ ಕೆರೆಗೆ, ಶಾಲೆಗೆ, ಸಂಘದ ಕೆಲಸಕ್ಕೆ ತನ್ನ ಹೆಸರಿನಲ್ಲಿ ಸಾಲ ತಂದವರು, ಜಾಮೀನು ನಿಂತವರು ನಮ್ಮ ನಡುವೆಯೂ ಇದ್ದಾರೆ. ಕೆಲಸ ಮುಗಿದ ಮೇಲೆ ಅವರ ಲೆಕ್ಕವನ್ನು ಕೇಳುವವರಿಲ್ಲ. ‘ಊರಿನ ಸಾಲ’ ಎಂದು ಹತ್ತು ಜನ ಆಡುತ್ತಾರೆ; ಹೊಲ ಹೋಗುವುದು ಒಬ್ಬನದು. ಅಂಥವರು ಸತ್ತ ಮೇಲೆ ಕಲ್ಲು ನೆಟ್ಟು ಹಾರ ಹಾಕುವುದು ಸುಲಭ. ಅವರು ಕಣ್ಣೆದುರಿಗಿರುವಾಗಲೇ ಲೆಕ್ಕದ ವಹಿಯನ್ನು ತೆರೆದು ಅವರ ಪಾಲಿನದನ್ನು ಅವರ ಕೈಗಿಡುವುದೇ ನಿಜವಾದ ಗೌರವವೆಂದು ನಾವು ಭಾವಿಸುತ್ತೇವೆ.